ಊರಿಗೆ ಅಫೋರ್ಡಬಲ್ ಹೌಸಿಂಗ್ ಬರುತ್ತಂತೆ: ನ್ಯೂಜೆರ್ಸಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಈಚೆಗೆ ಯಾರ ಮನೆಗೆ ಊಟಕ್ಕೆ ಹೋದರೂ ಇದೇ ಮಾತು. ತಟ್ಟೆಗೆ ಕೋಸಂಬರಿ ಬೀಳುವ ಮೊದಲೇ ಯಾರಾದರೂ ಶುರು ಮಾಡುತ್ತಾರೆ: "ಹೈವೇ ಪಕ್ಕ ಜೋಳದ ಹೊಲ ಇತ್ತಲ್ಲ, ಅಲ್ಲಿ ಅಫೋರ್ಡಬಲ್ ಹೌಸಿಂಗ್ ಬರ್ತಿದೆಯಂತೆ, ನಿಜಾನಾ?" ಇನ್ನೊಬ್ಬರು ದನಿ ತಗ್ಗಿಸಿ, "ಇನ್ನು ಊರು ಮೊದಲಿನ ಥರ ಇರಲ್ಲ ಬಿಡಿ" ಅನ್ನುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಮನೆ ಬೆಲೆ, ಸ್ಕೂಲು, ಟ್ಯಾಕ್ಸು, "ಆ ಥರದ ಜನ".

ನಾನು ವಕೀಲನಲ್ಲ, ಬಿಲ್ಡರ್ ಅಲ್ಲ. ಕಂಪ್ಯೂಟರ್ ಮುಂದೆ ಕೂತು ಸಂಬಳ ತೆಗೆದುಕೊಳ್ಳುವವನು. ಸುದ್ದಿ ಬಂದ ಹೊಸದರಲ್ಲಿ "ಬೇಡ" ಎನ್ನುವ ಮನವಿ ಪತ್ರಕ್ಕೆ ನಾನೂ ಸಹಿ ಹಾಕಿದ್ದೆ, ಒಂದು ಸಾಲೂ ಓದದೆ. ಆಮೇಲೆ ಮಗಳು "ಅಪ್ಪ, ಅದರಲ್ಲಿ ಏನು ಬರೆದಿತ್ತು?" ಅಂತ ಕೇಳಿದಾಗ ಬಾಯಿ ಕಟ್ಟಿಹೋಯಿತು. ಅವತ್ತಿನಿಂದ ಓದಿದ್ದು, ಮೀಟಿಂಗ್‌ಗಳಲ್ಲಿ ಹಿಂದಿನ ಸಾಲಲ್ಲಿ ಕೂತು ಕೇಳಿದ್ದು, ಎಲ್ಲ ಇಲ್ಲಿದೆ.

ಊರಿಗೆ ಬರೋ ಅಫೋರ್ಡಬಲ್ ಹೌಸಿಂಗನ್ನ, ಅಂದ್ರೆ ಕಡಿಮೆ ಬಾಡಿಗೆಯ ಮನೆಗಳನ್ನ, ಟ್ಯಾಕ್ಸ್ ಕ್ರೆಡಿಟ್ ಮನೆ ಅಂತಾರಲ್ಲ, ಹಾಗಂದ್ರೆ ಏನು? ಸರ್ಕಾರ ಕಟ್ಟಿಸಿಕೊಡೋ ಮನೇನಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ತಲೆಯಲ್ಲಿ ಆಶ್ರಯ ಮನೆ ಇದೆ, ಸರ್ಕಾರ ಜಾಗ ಕೊಟ್ಟು ಕಟ್ಟಿಸಿ ಬೀಗದ ಕೈ ಕೊಡುವಂಥದ್ದು. ಅಮೆರಿಕದಲ್ಲಿ ಈಗ ಕಡಿಮೆ ಬಾಡಿಗೆಯ ಹೊಸ ಮನೆಗಳಲ್ಲಿ ಹೆಚ್ಚಿನವು ಹಾಗೆ ಬರುವುದಿಲ್ಲ. ಖಾಸಗಿ ಬಿಲ್ಡರೋ ಯಾವುದೋ ಸೇವಾ ಸಂಸ್ಥೆಯೋ ಕಟ್ಟುತ್ತದೆ, ಅವರೇ ಮಾಲೀಕರು. ಸರ್ಕಾರ ಕೊಡುವುದು ತೆರಿಗೆ ರಿಯಾಯಿತಿ ಮಾತ್ರ. 1986ರಲ್ಲಿ ರೇಗನ್ ಕಾಲದ ದೊಡ್ಡ ತೆರಿಗೆ ಸುಧಾರಣೆಯಲ್ಲಿ ಇದು ಹುಟ್ಟಿತು, 1993ರಲ್ಲಿ ಕಾಯಂ ಆಯಿತು. ತೆರಿಗೆ ಕಾನೂನಿನ 42ನೇ ಸೆಕ್ಷನ್. ಇಲ್ಲಿಯವರೆಗೆ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆಗಳು ಈ ದಾರಿಯಲ್ಲಿ ಬಂದಿವೆ. ಇದನ್ನು ನೋಡಿಕೊಳ್ಳುವುದು ವಸತಿ ಇಲಾಖೆಯಲ್ಲ, ನಾವು ಏಪ್ರಿಲ್ ಬಂದರೆ ಹೆದರುವ ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್.

ಕ್ರೆಡಿಟ್ ಅಂದ್ರೆ ನಮ್ಮ 80ಸಿ ಥರಾನಾ? ಇದರಿಂದ ಮನೆ ಹೇಗೆ ಕಟ್ತಾರೆ?

80ಸಿ ಅಲ್ಲ. 80ಸಿಯಲ್ಲಿ ನಿಮ್ಮ ಆದಾಯದ ಲೆಕ್ಕ ಕಡಿಮೆಯಾಗುತ್ತದೆ, ಅಷ್ಟೆ. ಕ್ರೆಡಿಟ್ ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಡಾಲರಿಗೆ ಡಾಲರ್ ಕಡಿತ. 87ಎ ರಿಬೇಟ್ ಗೊತ್ತಲ್ಲ, ಆ ಜಾತಿಯದು.

ಒಂದು ಲೆಕ್ಕ ಹಾಕೋಣ, ಸುಮ್ನೆ ಉದಾಹರಣೆಗೆ. ಜಾಗ ಬಿಟ್ಟು ಕಟ್ಟಡಕ್ಕೆ 1 ಕೋಟಿ ಡಾಲರ್ ಖರ್ಚು ಎಂದುಕೊಳ್ಳಿ. ದೊಡ್ಡ ಕ್ರೆಡಿಟ್ ಸಿಕ್ಕಿದರೆ ವರ್ಷಕ್ಕೆ ಅದರ ನೂರಕ್ಕೆ 9, ಅಂದರೆ 9 ಲಕ್ಷ ಡಾಲರ್ ತೆರಿಗೆ ಮಾಫಿ. ಹೀಗೆ 10 ವರ್ಷ. ಒಟ್ಟು 90 ಲಕ್ಷ. ಆದರೆ ಬಿಲ್ಡರಿಗೆ ಅಷ್ಟು ತೆರಿಗೆಯೇ ಇರುವುದಿಲ್ಲ, ಅವನಿಗೆ ಬೇಕಿರುವುದು ಇವತ್ತು ಸಿಮೆಂಟಿಗೆ ದುಡ್ಡು. ಅದಕ್ಕೆ ಅವನು ಆ ಕ್ರೆಡಿಟ್ಟನ್ನು ದೊಡ್ಡ ಬ್ಯಾಂಕಿಗೆ ಮಾರುತ್ತಾನೆ. ಒಂದು ಡಾಲರ್ ಕ್ರೆಡಿಟ್ಟಿಗೆ 85 ಸೆಂಟ್ ಸಿಕ್ಕಿತು ಎಂದರೆ ಕೈಗೆ 76.5 ಲಕ್ಷ. ಸಾಲ ತೆಗೆಯಬೇಕಾದ್ದು ಉಳಿದ ಚೂರು ಮಾತ್ರ. ಸಾಲ ಕಡಿಮೆ, ಕಂತು ಕಡಿಮೆ, ಹಾಗಾಗಿ ಬಾಡಿಗೆ ಕಡಿಮೆ ಇಟ್ಟರೂ ಕಟ್ಟಡ ನಡೆಯುತ್ತದೆ. ಇದರ ಗುಟ್ಟು ಇಷ್ಟೇ.

ಬ್ಯಾಂಕುಗಳು ಯಾಕೆ ಕೊಳ್ಳುತ್ತವೆ? ತೆರಿಗೆ ಉಳಿಯುತ್ತದೆ ಅನ್ನುವುದು ಒಂದು. ಠೇವಣಿ ತೆಗೆದುಕೊಂಡ ಊರಿನ ಬಡವರಿಗೂ ದುಡ್ಡು ತೊಡಗಿಸಬೇಕು ಅನ್ನುವ 1977ರ ಕಾನೂನು ಇದೆ, ಅದರ ಲೆಕ್ಕಕ್ಕೂ ಇದು ಸೇರುತ್ತದೆ ಅನ್ನುವುದು ಇನ್ನೊಂದು. ಮತ್ತೆ 15 ವರ್ಷದೊಳಗೆ ನಿಯಮ ಮುರಿದರೆ ಐಆರ್‌ಎಸ್ ಕ್ರೆಡಿಟ್ ವಾಪಸ್ ಕಿತ್ತುಕೊಳ್ಳಬಹುದು. ಹಾಗಾಗಿ ದುಡ್ಡು ಹಾಕಿದ ಬ್ಯಾಂಕೇ ಕಟ್ಟಡದ ಮೇಲೆ ಕಣ್ಣಿಟ್ಟಿರುತ್ತದೆ. "ಮೂರು ವರ್ಷಕ್ಕೆ ಹಾಳು ಬೀಳುತ್ತೆ ನೋಡ್ತಿರಿ" ಅನ್ನುವವರಿಗೆ ನಾನು ಹೇಳುವುದು ಇದನ್ನೇ.

9 ಪರ್ಸೆಂಟ್, 4 ಪರ್ಸೆಂಟ್ ಅಂತಾರಲ್ಲ, ಏನು ವ್ಯತ್ಯಾಸ?

9 ದೊಡ್ಡದು, ಸಿಗುವುದು ಕಷ್ಟ. ರಾಜ್ಯಕ್ಕೆ ಇಂತಿಷ್ಟೇ ಅಂತ ಬರುತ್ತದೆ, ಅದೂ ತಲೆ ಲೆಕ್ಕದಲ್ಲಿ: ಶುರುವಿನಲ್ಲಿ ತಲೆಗೆ 1.25 ಡಾಲರ್ ಇತ್ತು, ಈಗ ಬೆಲೆ ಏರಿಕೆಯ ಜೊತೆ ಏರುತ್ತದೆ. ಬಿಲ್ಡರುಗಳು ಅರ್ಜಿ ಹಾಕಿ, ರಾಜ್ಯದ ಏಜೆನ್ಸಿ ಅಂಕ ಕೊಟ್ಟು ಆರಿಸುತ್ತದೆ. ಒಳ್ಳೆ ಸ್ಕೂಲಿದೆಯಾ, ಬಸ್ಸಿದೆಯಾ, ಎಲ್ಲಕ್ಕೂ ಅಂಕ. 4 ಪರ್ಸೆಂಟ್‌ನದು ಸಣ್ಣದು, ಸರ್ಕಾರಿ ಬಾಂಡ್ ಜೊತೆಗೆ ಬರುತ್ತದೆ, ಪೈಪೋಟಿ ಕಡಿಮೆ. 2025ರ ದೊಡ್ಡ ತೆರಿಗೆ ಕಾನೂನಿನಲ್ಲಿ ಎರಡನ್ನೂ ಸಡಿಲ ಮಾಡಿದರು: 2026ರಿಂದ 9ರ ಪಾಲು ನೂರಕ್ಕೆ 12ರಷ್ಟು ಜಾಸ್ತಿ, 4ಕ್ಕೆ ಜಾಗ, ಕಟ್ಟಡದ ಖರ್ಚಿನಲ್ಲಿ ಬಾಂಡಿನ ಪಾಲು ಮೊದಲು ಅರ್ಧ ಇರಬೇಕಿತ್ತು, ಈಗ ಕಾಲು ಸಾಕು. ಅಂದರೆ ಇಂಥ ಕಟ್ಟಡಗಳು ಇನ್ನೂ ಬರುತ್ತವೆ, ಕಡಿಮೆಯಾಗುವುದಿಲ್ಲ.

ಇದು ಸೆಕ್ಷನ್ 8 ತಾನೇ?

ಅಲ್ಲ. ಸೆಕ್ಷನ್ 8 ವೌಚರ್, ಅಂದರೆ ಬಡವರ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ಕಟ್ಟುವ ಚೀಟಿ, ಬಾಡಿಗೆದಾರರ ಜೊತೆ ಓಡಾಡುತ್ತದೆ, ಟ್ಯಾಕ್ಸ್ ಕ್ರೆಡಿಟ್ ಕಟ್ಟಡಕ್ಕೆ ಅಂಟಿರುತ್ತದೆ. ಆದರೆ ವೌಚರ್ ಇದೆ ಅನ್ನುವ ಒಂದೇ ಕಾರಣಕ್ಕೆ ಟ್ಯಾಕ್ಸ್ ಕ್ರೆಡಿಟ್ ಕಟ್ಟಡದವರು ಯಾರನ್ನೂ ವಾಪಸ್ ಕಳಿಸುವಂತಿಲ್ಲ.

ಬಾಡಿಗೆ ಎಷ್ಟಿರುತ್ತೆ? ಯಾರಿಗೆ ಸಿಗುತ್ತೆ?

ಬಿಟ್ಟಿ ಅಲ್ಲವೇ ಅಲ್ಲ. ಸುತ್ತಲ ಪ್ರದೇಶದ ಮಧ್ಯಮ ಆದಾಯ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ದುಡಿಯುವ ಗೆರೆ) ಎಷ್ಟು ಅಂತ ಕೇಂದ್ರ ಸರ್ಕಾರ ಪ್ರತಿ ವರ್ಷ ಲೆಕ್ಕ ಕೊಡುತ್ತದೆ. ಸಾಮಾನ್ಯವಾಗಿ ಅದರ ನೂರಕ್ಕೆ 60ರೊಳಗೆ ಆದಾಯ ಇರುವವರಿಗೆ ಮನೆ. 2018ರಿಂದ ಸರಾಸರಿ 60 ಬರುವ ಹಾಗೆ 20ರಿಂದ 80ರವರೆಗೆ ಬೆರೆಸಿಯೂ ಕೊಡಬಹುದು. ಬಾಡಿಗೆ, ಕರೆಂಟು ಗ್ಯಾಸು ಸೇರಿ, ಆ ಮಿತಿಯ ನೂರಕ್ಕೆ 30 ದಾಟುವಂತಿಲ್ಲ. ಮೂರು ಜನರ ಮನೆಗೆ ಮಿತಿ 60,000 ಡಾಲರ್ ಎಂದುಕೊಂಡರೆ ವರ್ಷಕ್ಕೆ 18,000, ತಿಂಗಳಿಗೆ 1,500. ಇಲ್ಲಿ ಒಂದು ಎಡವಟ್ಟಿದೆ: ಬಾಡಿಗೆ ನಿಂತಿರುವುದು ಮಿತಿಯ ಮೇಲೆ, ನಿಮ್ಮ ನಿಜವಾದ ಸಂಬಳದ ಮೇಲಲ್ಲ. 40,000 ದುಡಿಯುವ ತಾಯಿಯೂ ಅದೇ 1,500 ಕೊಡಬೇಕು. ಹಾಗಾಗಿ ತೀರಾ ಬಡವರಿಗೆ ವೌಚರ್ ಇಲ್ಲದೆ ಇಲ್ಲೂ ಕಷ್ಟವೇ.

ಹಾಗಾದರೆ ಬರುವವರು ಯಾರು? ನ್ಯೂಜೆರ್ಸಿಯ ದೊಡ್ಡ ಹೆದ್ದಾರಿ ಟರ್ನ್‌ಪೈಕ್‌ನ 8ಎ ಎಕ್ಸಿಟ್ ಸುತ್ತಮುತ್ತ ಸಾಲು ಸಾಲು ಗೋದಾಮು ನೋಡಿದ್ದೀರಲ್ಲ, ನಮ್ಮ ಪ್ರೆಸ್ಟೀಜ್ ಕುಕ್ಕರ್ ಗ್ಯಾಸ್ಕೆಟ್ ಮರುದಿನವೇ ಬಾಗಿಲಿಗೆ ಬರುವುದು ಅಂಥ ಕಡೆಯಿಂದ. ಅಲ್ಲಿ ಡಬ್ಬ ಕಟ್ಟುವವರು. ಸ್ಕೂಲ್ ಬಸ್ ಓಡಿಸುವವರು, ಡೇಕೇರ್‌ನಲ್ಲಿ ನಮ್ಮ ಮಕ್ಕಳ ಮೂಗು ಒರೆಸುವವರು, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರು. ಇವರೆಲ್ಲ ಈಗಲೂ ದಿನಾ ನಮ್ಮೂರಿಗೆ ಬರುತ್ತಾರೆ. ಸಂಜೆ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ತಮಾಷೆ ಏನು ಗೊತ್ತಾ, ಎಂಎಸ್ ಮಾಡುವ ನಾಲ್ಕು ಹುಡುಗರು ಸೇರಿ ಇಂಥ ಮನೆ ಹಿಡಿಯುವಂತಿಲ್ಲ. ಮನೆಯಲ್ಲಿರುವ ಎಲ್ಲರೂ ಫುಲ್ ಟೈಮ್ ವಿದ್ಯಾರ್ಥಿಗಳಾದರೆ, ಕೆಲವು ವಿನಾಯಿತಿ ಬಿಟ್ಟು, ಅರ್ಹತೆಯೇ ಇಲ್ಲ.

ನಮ್ಮೂರೇ ಯಾಕೆ? ಬೇಡ ಅನ್ನೋಕೆ ಆಗಲ್ವಾ?

ನ್ಯೂಜೆರ್ಸಿಯಲ್ಲಿ ಆಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೌಂಟ್ ಲಾರೆಲ್ ಕಥೆ ಗೊತ್ತಿರಬೇಕು. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಫಿಲಡೆಲ್ಫಿಯಾದಿಂದ ಪೂರ್ವಕ್ಕೆ ಸುಮಾರು 15 ಮೈಲಿ, ಬರ್ಲಿಂಗ್ಟನ್ ಕೌಂಟಿಯ ಊರು. ಹೊಲ, ತೋಟ. ಅಲ್ಲಿ ಸ್ಪ್ರಿಂಗ್‌ವಿಲ್ ಎನ್ನುವ ಕೇರಿಯಲ್ಲಿ ತಲೆಮಾರುಗಳಿಂದ ಕಪ್ಪು ಜನರ ಕುಟುಂಬಗಳಿದ್ದವು. 1960ರ ದಶಕದಲ್ಲಿ ಹೈವೇ ಬಂತು, ಹೊಸ ಬಡಾವಣೆ ಬಂತು, ಜಾಗದ ಬೆಲೆ ಏರಿತು. ಈ ಹಳೆ ಕುಟುಂಬಗಳಲ್ಲಿ ಕೆಲವರು ವಾಸ ಇದ್ದದ್ದು ಕೋಳಿ ಗೂಡುಗಳನ್ನು ತಿದ್ದಿ ಮಾಡಿದ ಮನೆಗಳಲ್ಲಿ. ಊರಿನವರು ಅವನ್ನೂ ವಾಸಕ್ಕೆ ಯೋಗ್ಯವಲ್ಲ ಎಂದು ಮುಚ್ಚಿಸತೊಡಗಿದರು. ಎಥೆಲ್ ಲಾರೆನ್ಸ್ ಎನ್ನುವ ಶಿಶುವಿಹಾರದ ಟೀಚರ್ ಮತ್ತು ಅಕ್ಕಪಕ್ಕದವರು ಸೇರಿ ಕೇಳಿದ್ದು ಎಷ್ಟು? 36 ಮನೆ. ಊರಿನ ವಲಯ ನಿಯಮದಲ್ಲಿ (ಝೋನಿಂಗ್, ಎಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಅಪಾರ್ಟ್‌ಮೆಂಟಿಗೆ ಜಾಗವೇ ಇಲ್ಲ ಅಂದರು. 1970ರಲ್ಲಿ ಆ ಕೇರಿಯ ಚರ್ಚಿಗೇ ಬಂದ ಮೇಯರ್ ಹೇಳಿದ್ದು ಇದು: ನಿಮಗೆ ಇಲ್ಲಿ ಬದುಕುವಷ್ಟು ಶಕ್ತಿ ಇಲ್ಲದಿದ್ದರೆ ಊರು ಬಿಟ್ಟು ಹೋಗಿ. ಆ ಕುಟುಂಬಗಳು ಮೇಯರ್ ಹುಟ್ಟುವ ಎಷ್ಟೋ ಮೊದಲಿನಿಂದ ಅಲ್ಲೇ ಇದ್ದವು ಅನ್ನುವುದನ್ನು ಸ್ವಲ್ಪ ಯೋಚಿಸಿ.

1971ರಲ್ಲಿ ಕೇಸು ಹಾಕಿದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಬೆಳೆಯುತ್ತಿರುವ ಊರು ತನ್ನ ವಲಯ ನಿಯಮದಿಂದ ಬಡವರನ್ನು ಹೊರಗಿಡುವಂತಿಲ್ಲ, ಸುತ್ತಲ ಪ್ರದೇಶಕ್ಕೆ ಬೇಕಾದ ಮನೆಗಳಲ್ಲಿ ತನ್ನ ಪಾಲು ಹೊರಬೇಕು. ಊರುಗಳು ಕದಲಲಿಲ್ಲ. 1983ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ವಿಲೆಂಟ್ಜ್ ಇನ್ನೊಂದು ತೀರ್ಪಿನಲ್ಲಿ ಚಾಟಿ ಬೀಸಿದರು. ಊರು ತನ್ನ ಪಾಲು ಮಾಡದಿದ್ದರೆ ಬಿಲ್ಡರೇ ಕೋರ್ಟಿಗೆ ಹೋಗಿ, ಒಂದಷ್ಟು ಕಡಿಮೆ ಬೆಲೆ ಮನೆ ಸೇರಿಸುತ್ತೇನೆ ಅಂತ ಹೇಳಿ ದೊಡ್ಡ ಯೋಜನೆಗೆ ಅನುಮತಿ ತರಬಹುದು ಅಂದರು. ಊರುಗಳಿಗೆ ಬಿಸಿ ಮುಟ್ಟಿದ್ದು ಆಗ. 1985ರಲ್ಲಿ ಕಾನೂನು ಬಂತು, ಜೊತೆಗೆ ಒಂದು ಕಿಂಡಿಯೂ ಬಂತು: ಶ್ರೀಮಂತ ಊರು ತನ್ನ ಪಾಲಿನ ಅರ್ಧದಷ್ಟನ್ನು ದುಡ್ಡು ಕೊಟ್ಟು ಬಡ ಪಟ್ಟಣಕ್ಕೆ ದಾಟಿಸಬಹುದು. ಆ ಕಿಂಡಿ ಮುಚ್ಚಿದ್ದು 2008ರಲ್ಲಿ. 2024ರಲ್ಲಿ ಹೊಸ ಕಾನೂನು ಬಂದು, ಊರುಗಳಿಗೆ ಪಾಲು ಹಂಚುವ, 2025ರ ಜುಲೈಯಿಂದ 2035ರವರೆಗಿನ ನಾಲ್ಕನೇ ಸುತ್ತು ಈಗ ನಡೀತಿದೆ. ಈಗ ಊರೂರಲ್ಲಿ ಇದೇ ಗಲಾಟೆ ಯಾಕೆ ಅಂದರೆ ಇದಕ್ಕೇ. ರಾಜ್ಯದ 564 ಊರುಗಳಲ್ಲಿ ನಮ್ಮದೂ ಒಂದು, ನಮ್ಮನ್ನು ಯಾರೂ ಹುಡುಕಿಕೊಂಡು ಬಂದಿಲ್ಲ.

ಕೊನೆಗೆ ಮೌಂಟ್ ಲಾರೆಲ್‌ನಲ್ಲಿ ಮನೆ ಕಟ್ಟಿದರಾ? ಆಮೇಲೆ ಏನಾಯ್ತು?

ಕಟ್ಟಿದರು, ಆದರೆ ಎಥೆಲ್ ಲಾರೆನ್ಸ್ ನೋಡಲಿಲ್ಲ. ಅವರು 1994ರಲ್ಲಿ ತೀರಿಕೊಂಡರು. 1997ರಲ್ಲಿ ಪ್ಲಾನಿಂಗ್ ಬೋರ್ಡ್ ಒಪ್ಪಿತು, ಅದೂ ಕಿರುಚಾಟದ ಮೀಟಿಂಗ್‌ಗಳ ನಂತರ. 2000ದ ಕೊನೆಗೆ ಮೊದಲ 100 ಮನೆ, 2004ರಲ್ಲಿ ಇನ್ನೂ 40. ಹಣ ಬಂದದ್ದರಲ್ಲಿ ದೊಡ್ಡ ಪಾಲು ಇದೇ ಟ್ಯಾಕ್ಸ್ ಕ್ರೆಡಿಟ್. ಪ್ರದೇಶದ ಮಧ್ಯಮ ಆದಾಯದ ನೂರಕ್ಕೆ 10ರಿಂದ 80ರವರೆಗಿನವರಿಗೆ ಮನೆ. ಕೇಸು ನಡೆಸಿದ ವಕೀಲರಲ್ಲೊಬ್ಬರಾದ ಪೀಟರ್ ಓಕಾನರ್ ಅವರ ಸಂಸ್ಥೆಯೇ ಕಟ್ಟಿದ್ದು, ಹೆಸರು ಎಥೆಲ್ ಲಾರೆನ್ಸ್ ಹೋಮ್ಸ್.

ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಜೊತೆಗಾರರು ಕೂತು ಇದನ್ನು ಅಳೆದರು, 2013ರಲ್ಲಿ ಪ್ರಕಟಿಸಿದರು. ಅಪರಾಧ, ಮನೆ ಬೆಲೆ, ತೆರಿಗೆ, ಮೂರನ್ನೂ ಅಂಥವೇ ಪಕ್ಕದ ಊರುಗಳ ಜೊತೆ ಹೋಲಿಸಿದರು. ಈ ಮನೆಗಳಿಂದ ಕೆಟ್ಟದಾಯಿತು ಅನ್ನುವ ಗುರುತು ಸಿಗಲಿಲ್ಲ. ಅರ್ಜಿ ಹಾಕಿ ಇನ್ನೂ ಕಾಯುತ್ತಿದ್ದವರಿಗೆ ಹೋಲಿಸಿದರೆ, ಒಳಗೆ ಬಂದವರಲ್ಲಿ ದುಡಿಯುವವರು ಜಾಸ್ತಿ, ಸುತ್ತ ಹೊಡೆದಾಟ ನೋಡುವುದು ಕಡಿಮೆ, ಮಕ್ಕಳು ಓದುವ ಹೊತ್ತು ಜಾಸ್ತಿ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಹತ್ತು ವರ್ಷವಾದರೂ ಪಕ್ಕದ ಬಡಾವಣೆಯ ಎಷ್ಟೋ ಜನಕ್ಕೆ ಅಲ್ಲಿ ಅಂಥ ಮನೆಗಳಿವೆ ಅಂತಲೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಜಗಳ ಆಡಿದ ಊರು!

ನಾನೂ ಒಂದು ಭಾನುವಾರ ಹೋಗಿ ನೋಡಿದೆ. ಸುತ್ತಲಿನ ಟೌನ್‌ಹೌಸ್‌ಗಳ ಥರವೇ ಇದೆ. ಮಕ್ಕಳ ಹೋಮ್‌ವರ್ಕಿಗೆ ಒಂದು ಕಟ್ಟಡ ಇದೆ. ಒಂದು ಮನೆ ಮುಂದೆ ಸಣ್ಣ ಸೈಕಲ್ ಅಡ್ಡ ಬಿದ್ದಿತ್ತು, ಒಬ್ಬ ಹುಡುಗ ಅದನ್ನು ಎತ್ತುವ ಬದಲು ದಾಟಿಕೊಂಡು ಒಳಗೆ ಓಡಿದ. ನನ್ನ ಮಗನೂ ಹಾಗೇ.

ಮೌಂಟ್ ಲಾರೆಲ್ ಒಂದೇ ಊರಾಯ್ತು. ನಮ್ಮ ಮನೆ ಬೆಲೆ ಬೀಳಲ್ಲ ಅಂತ ಬರೆದುಕೊಡ್ತೀರಾ?

ಇಲ್ಲ, ಕೊಡಲ್ಲ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್‌ಕ್ವೇಡ್ ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಬಡ ಪ್ರದೇಶದಲ್ಲಿ ಇಂಥ ಕಟ್ಟಡ ಬಂದರೆ ತೀರಾ ಹತ್ತಿರದ, ಅಂದರೆ ಮೈಲಿಯ ಹತ್ತನೇ ಒಂದು ಭಾಗದೊಳಗಿನ, ಮನೆಗಳ ಬೆಲೆ ನೂರಕ್ಕೆ ಸುಮಾರು 6.5 ಏರಿತು, ಅಪರಾಧವೂ ಇಳಿಯಿತು. ಅನುಕೂಲಸ್ಥರ ಪ್ರದೇಶದಲ್ಲಿ ಹತ್ತಿರದ ಮನೆಗಳ ಬೆಲೆ ಸುಮಾರು 2.5 ಇಳಿಯಿತು.

ಈ ಎರಡನೇ ಮಾತನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬಬೇಡಿ. ಮೊದಲನೇ ಮಾತನ್ನು ಮುಚ್ಚಿಡುವವರನ್ನೂ. ನಿಮ್ಮ ಮನೆ ಬೇಲಿಗೆ ಬೇಲಿ ತಾಗಿದ್ದರೆ ಸಣ್ಣ ಪೆಟ್ಟು ಬೀಳಬಹುದು, 6 ಲಕ್ಷದ ಮನೆಗೆ 15 ಸಾವಿರ. ಅದು ಸಣ್ಣ ಮೊತ್ತ ಅಂತ ನಾನು ಹೇಳಲ್ಲ. ಆದರೆ ಊರಿನ ಆಚೆ ತುದಿಯಲ್ಲಿ ಕೂತು "ನಮ್ಮ ಆಸ್ತಿಯೆಲ್ಲ ಹೋಯಿತು" ಅನ್ನುವುದಕ್ಕೆ ಆಧಾರ ಇಲ್ಲ.

ಬೇರೇನೂ ಬೇಡ, ಊರಿನ ಜನರ ಸ್ವರೂಪವೇ ಬದಲಾಗಿಬಿಡುತ್ತಲ್ವಾ?

ಅಸಲಿ ಪ್ರಶ್ನೆ ಇದು. ಉಳಿದವೆಲ್ಲ ಇದರ ಮೇಲೆ ಹೊದಿಸಿದ ಬಟ್ಟೆ.

ಮೊದಲು ಲೆಕ್ಕ. ಮೌಂಟ್ ಲಾರೆಲ್‌ನಲ್ಲಿ 2000ದಲ್ಲಿ ಸುಮಾರು 40 ಸಾವಿರ ಜನ. 140 ಮನೆಗೆ ಮನೆಗೆ ಮೂರು ಜನ ಅಂತ ಹಿಡಿದರೂ 420. ನೂರಕ್ಕೆ ಒಬ್ಬರು. ನಿಮ್ಮೂರು ಐದು ಸಾವಿರದ್ದಾದರೆ ಇದೇ 140 ಮನೆ ನೂರಕ್ಕೆ ಎಂಟು ಒಂಬತ್ತಾಗುತ್ತದೆ, ಅದು ಕಣ್ಣಿಗೆ ಕಾಣುವ ಬದಲಾವಣೆ, ಸುಳ್ಳು ಹೇಳಲ್ಲ. ಆದರೆ ಸಣ್ಣ ಊರಿಗೆ ಸಾಮಾನ್ಯವಾಗಿ ಸಣ್ಣ ಪಾಲೇ ಬರುತ್ತದೆ. ರಾಜ್ಯದ ಲೆಕ್ಕದಲ್ಲಿ ಊರಿನಲ್ಲಿ ಎಷ್ಟು ಜಾಗ ಇದೆ, ಎಷ್ಟು ಅನುಕೂಲಸ್ಥ ಊರು, ಕೆಲಸ ಕೊಡುವ ಕಟ್ಟಡ ಎಷ್ಟು ಬೆಳೆದಿವೆ ಅನ್ನುವುದೆಲ್ಲ ಬರುತ್ತದೆ.

ಇನ್ನು ಲೆಕ್ಕ ಅಲ್ಲದ ಮಾತು. 1987ರಲ್ಲಿ ಇದೇ ರಾಜ್ಯದ ಜೆರ್ಸಿ ಸಿಟಿಯಲ್ಲಿ "ಡಾಟ್‌ಬಸ್ಟರ್ಸ್" ಅಂತ ಒಂದು ಗುಂಪಿತ್ತು. ನಮ್ಮ ಹೆಂಗಸರ ಹಣೆಯ ಕುಂಕುಮವೇ ಆ "ಡಾಟ್". ಭಾರತೀಯರನ್ನು ಊರು ಬಿಡಿಸುತ್ತೇವೆ ಅಂತ ಪತ್ರಿಕೆಗೆ ಕಾಗದ ಬರೆದರು, ದಾರಿಯಲ್ಲಿ ಹೋಗುವವರನ್ನು ಹೊಡೆದರು. ಅವರ ಅಳಲೂ ಇದೇ ಆಗಿತ್ತು: ಊರಿನ ಜನ ಬದಲಾಗುತ್ತಿದ್ದಾರೆ, ನಮ್ಮ ಬೀದಿ ನಮ್ಮದಾಗಿ ಉಳಿದಿಲ್ಲ. ಆಮೇಲೆ ಏನಾಯಿತು? ಇದೇ ರಾಜ್ಯದ ಊರಾದ ಎಡಿಸನ್‌ನಲ್ಲಿ 2010ರ ಜನಗಣತಿಗೆ ನೂರಕ್ಕೆ 43 ಜನ ಏಷ್ಯಾ ಮೂಲದವರು. ಮಸಾಲೆ ದೋಸೆಗೆ ಈಗ ಕ್ಯೂ ನಿಲ್ಲುತ್ತೇವೆ. ಆ 1,500 ಡಾಲರ್ ಬಾಡಿಗೆಯ ಕಟ್ಟಡ ಯಾವ ಊರನ್ನೂ ಇಷ್ಟು ಬದಲಿಸಿಲ್ಲ. ಬದಲಿಸಿದ್ದು ನಾವು, ಎಚ್1ಬಿ, ನಾಲ್ಕು ಬೆಡ್‌ರೂಮು, ಎರಡು ಕಾರು ಸಮೇತ ಬಂದವರು. ಮೀಟಿಂಗ್‌ನಲ್ಲಿ ನಮ್ಮವರೇ ಒಬ್ಬರು ಎದ್ದು "ವಿ ವಾಂಟ್ ಟು ಪ್ರೊಟೆಕ್ಟ್ ದಿ ಕ್ಯಾರೆಕ್ಟರ್ ಆಫ್ ಅವರ್ ಟೌನ್" ಅಂದಾಗ ಮುಂದಿನ ಸಾಲಿನಲ್ಲಿದ್ದ ಎಂಬತ್ತರ ಹತ್ತಿರದ ಬಿಳಿಯ ಅಜ್ಜಿ ಹಿಂದೆ ತಿರುಗಿ ಅವರ ಮುಖ ನೋಡಿದರು. ಏನೂ ಅನ್ನಲಿಲ್ಲ. ನನಗೆ ಕುರ್ಚಿಯಲ್ಲೇ ಬೆವರು ಬಂತು.

ಕಾನೂನಿನ ಮಾತೂ ಇದೆ. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಕೊಡುವುದು ಬಿಡುವುದು 1968ರಿಂದ ಕಾನೂನಿಗೆ ವಿರುದ್ಧ. 1988ರಿಂದ "ಮಕ್ಕಳಿದ್ದಾರೆ" ಅನ್ನುವುದೂ ಕಾರಣ ಆಗುವಂತಿಲ್ಲ. ಹಾಗಾಗಿ ಮೀಟಿಂಗ್‌ನಲ್ಲಿ "ಎಂಥ ಜನ ಬರ್ತಾರೆ" ಅಂತ ಕೇಳಿ ಬೋರ್ಡಿನವರು ಅದರ ಮೇಲೆ ಬೇಡ ಅಂದರೆ, ಆ ಮಾತೇ ಕೋರ್ಟಿನಲ್ಲಿ ಊರಿಗೆ ತಿರುಗುತ್ತದೆ.

ಸ್ಕೂಲ್ ತುಂಬಿಹೋಗಲ್ವಾ? ಟ್ಯಾಕ್ಸ್ ಏರಲ್ವಾ?

ಇದು ನ್ಯಾಯವಾದ ಪ್ರಶ್ನೆ, ಇಲ್ಲಿ ನನಗೂ ತಕರಾರಿದೆ. ನ್ಯೂಜೆರ್ಸಿಯ ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ 2024ರಲ್ಲಿ 10 ಸಾವಿರ ಡಾಲರ್ ದಾಟಿತು, ಅದರಲ್ಲಿ ಸುಮಾರು ಅರ್ಧ ಸ್ಕೂಲಿಗೆ. ಇಂಥ ಕಟ್ಟಡಗಳು ಬಹಳ ಸಲ ಪೂರ್ತಿ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವುದಿಲ್ಲ, ಬದಲಿಗೆ ಬಾಡಿಗೆ ಆದಾಯದಲ್ಲಿ ಇಂತಿಷ್ಟು ಅಂತ ಊರಿಗೆ ಕೊಡುತ್ತವೆ. ಇದನ್ನು ಪೈಲಟ್ ಅನ್ನುತ್ತಾರೆ. ವಿಮಾನದ ಪೈಲಟ್ ಅಲ್ಲ, "ತೆರಿಗೆ ಬದಲಿ ಪಾವತಿ". ಆ ದುಡ್ಡು ಹೆಚ್ಚಾಗಿ ಊರಿನ ಬೊಕ್ಕಸಕ್ಕೆ ಹೋಗುತ್ತದೆ, ಸ್ಕೂಲಿಗೆ ತಾನಾಗಿ ಹೋಗುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಮಕ್ಕಳು ಬರ್ತಾರಾ" ಅಂತಲ್ಲ, "ಪೈಲಟ್ ದುಡ್ಡಿನಲ್ಲಿ ಸ್ಕೂಲಿಗೆ ಎಷ್ಟು ಕೊಡ್ತೀರಿ" ಅಂತ. ಇದನ್ನು ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಎರಡು ಗಂಟೆ ಟ್ರಾಫಿಕ್ ಬಗ್ಗೆ ಮಾತಾಡಿದರು.

ಹಿರಿಯರಿಗೆ ಮಾತ್ರ ಕಟ್ಟಲಿ, ಆಗ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ಅಜ್ಜ ಅಜ್ಜಿ ಬರಲಿ, ಮಕ್ಕಳು ಬೇಡ. ಬಹಳ ಊರುಗಳು ಹಿಡಿದ ದಾರಿ ಇದು. 55 ದಾಟಿದವರಿಗೆ, 62 ದಾಟಿದವರಿಗೆ ಅಂತ ಮೀಸಲಿಡಲು ಕೇಂದ್ರ ಕಾನೂನು ಬಿಡುತ್ತದೆ. ಆದರೆ ಊರಿನ ಪಾಲನ್ನು ಪೂರ್ತಿ ಹೀಗೆ ತೀರಿಸಲು ನ್ಯೂಜೆರ್ಸಿ ಬಿಡುವುದಿಲ್ಲ, ಮಿತಿ ಇದೆ.

ನಮ್ಮೂರಿನವರಿಗೇ ಮೊದಲು ಕೊಡಬಹುದಲ್ಲ?

ಊರಿಗೆ ಮಾತ್ರ ಅಂತ ಇಲ್ಲ. ಸುತ್ತಲ ಕೌಂಟಿಗಳನ್ನು ಸೇರಿಸಿದ ಪ್ರದೇಶದಲ್ಲೆಲ್ಲ ಜಾಹೀರಾತು ಕೊಟ್ಟು, ಲಾಟರಿ ಎತ್ತಿ ಕೊಡುತ್ತಾರೆ.

ಸಂಬಳ ಏರಿದರೆ ಹೊರಗೆ ಹಾಕ್ತಾರಾ?

ಇಲ್ಲ. ಒಳಗೆ ಬರುವಾಗ ಮಿತಿಯೊಳಗಿದ್ದರೆ ಸಾಕು. ಪ್ರಮೋಷನ್ ಸಿಕ್ಕಿತು ಅಂತ ಯಾರನ್ನೂ ಎಬ್ಬಿಸುವಂತಿಲ್ಲ, ಸರಿಯಾದ ಕಾರಣ ಬೇಕು. ಅರ್ಧ ಜನ ಇದನ್ನು ಮೋಸ ಅನ್ನುತ್ತಾರೆ. ಸಂಬಳ ಏರಿದ ದಿನವೇ ಮನೆ ಹೋಗುತ್ತದೆ ಅಂದರೆ ಯಾರು ಓವರ್‌ಟೈಮ್ ಮಾಡುತ್ತಾರೆ ಹೇಳಿ?

ಎಷ್ಟು ವರ್ಷ ಹೀಗೇ ಇರುತ್ತೆ?

ಕೇಂದ್ರದ ನಿಯಮದಲ್ಲಿ ಕನಿಷ್ಠ 30 ವರ್ಷ. 14ನೇ ವರ್ಷದ ನಂತರ ಮಾಲೀಕರು ಹೊರಗೆ ಬರಲು ಒಂದು ಸಂದಿ ಇದೆ, ಆದರೆ ಬಹಳ ರಾಜ್ಯಗಳು ಅರ್ಜಿಯಲ್ಲೇ ಆ ಹಕ್ಕು ಬಿಟ್ಟುಕೊಡಿ ಅಂತ ಬರೆಸಿಕೊಳ್ಳುತ್ತವೆ.

ಎಲ್ಲ ಸರಿ, ಈ ಯೋಜನೆಯಲ್ಲಿ ಹುಳುಕೇ ಇಲ್ವಾ?

ಬೇಕಾದಷ್ಟಿದೆ. ವಕೀಲರು, ಮಧ್ಯವರ್ತಿಗಳು, ಲೆಕ್ಕಪತ್ರದವರು, ಎಲ್ಲರ ಕೈಗೂ ಒಂದೊಂದು ತುತ್ತು ಹೋಗಿ ಉಳಿದದ್ದು ಗೋಡೆಗೆ. ನೇರವಾಗಿ ದುಡ್ಡು ಕೊಟ್ಟು ಕಟ್ಟಿಸಿದರೆ ಅಗ್ಗ ಅನ್ನುವವರ ಮಾತು ನನಗೆ ಸರಿ ಅನ್ನಿಸುತ್ತದೆ.

ಇನ್ನೊಂದು ದೊಡ್ಡ ಹುಳುಕು ಜಾಗದ್ದು. ಬಡ ಪ್ರದೇಶದಲ್ಲಿ ಕಟ್ಟಿದರೆ ಕ್ರೆಡಿಟ್ಟಿನ ಲೆಕ್ಕದಲ್ಲಿ ನೂರಕ್ಕೆ 30ರವರೆಗೆ ಹೆಚ್ಚುವರಿ ಸಿಗುತ್ತದೆ, ಅಲ್ಲಿ ವಿರೋಧವೂ ಕಡಿಮೆ. ಹಾಗಾಗಿ ಬಡವರ ಮನೆ ಬಡವರ ಮಧ್ಯವೇ ಮತ್ತೆ ಮತ್ತೆ ಏಳುತ್ತದೆ. ಡಲ್ಲಾಸ್‌ನಲ್ಲಿ ಇದೇ ಆಗಿತ್ತು: ಕ್ರೆಡಿಟ್ ಹಂಚುವ ರೀತಿ ಕಪ್ಪು ಜನರ ಪ್ರದೇಶಕ್ಕೇ ಮನೆಗಳನ್ನು ತಳ್ಳುತ್ತಿದೆ ಅಂತ ಒಂದು ಸಂಸ್ಥೆ ಟೆಕ್ಸಸ್ ರಾಜ್ಯದ ಇಲಾಖೆ ಮೇಲೆ ಕೇಸು ಹಾಕಿತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು, ಬೇಕೆಂದೇ ಮಾಡದಿದ್ದರೂ ಪರಿಣಾಮ ತಾರತಮ್ಯದ್ದಾದರೆ ಕೇಸು ಹಾಕಬಹುದು. ನಮ್ಮಂಥ ಊರು ಬೇಡ ಅಂದಾಗಲೆಲ್ಲ ಆ ಕಟ್ಟಡ ಎಲ್ಲಿ ಹೋಗಿ ಏಳುತ್ತದೆ ಅನ್ನುವುದಕ್ಕೆ ಇದು ಉತ್ತರ.

ನಮ್ಮ ಅಪ್ಪ ಅಮ್ಮನಿಗೆ ಅರ್ಜಿ ಹಾಕಬಹುದಾ?

ಮನವಿಗೆ ಸಹಿ ಹಾಕಿದವರೇ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆ ಇದು. ನಗಬೇಡಿ, ನಾನು ನಕ್ಕಿಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದ ಅತ್ತೆ ಮಾವನಿಗೆ ಮಕ್ಕಳ ಮನೆಯ ಮೆಟ್ಟಿಲು ಹತ್ತುವುದೇ ಕಷ್ಟ. ಹತ್ತಿರದಲ್ಲೇ ಲಿಫ್ಟ್ ಇರುವ ಸಣ್ಣ ಮನೆ ಸಿಕ್ಕಿದರೆ ಯಾರಿಗೆ ಬೇಡ?

ಹಾಕಬಹುದು. ಟ್ಯಾಕ್ಸ್ ಕ್ರೆಡಿಟ್ ನಿಯಮದಲ್ಲಿ ಪೌರತ್ವದ ಷರತ್ತು ಇಲ್ಲ, ಆದರೆ ಕಟ್ಟಡದಲ್ಲಿ ಸೆಕ್ಷನ್ 8ರಂಥ ಬೇರೆ ಸಹಾಯವೂ ಸೇರಿದ್ದರೆ ಅದರ ಷರತ್ತು ಬರುತ್ತದೆ, ಮೊದಲೇ ಕೇಳಿ. ಆದಾಯದ ಲೆಕ್ಕ ಮಾತ್ರ ಗಟ್ಟಿ. ಜಯನಗರದ ಮನೆಯ ಬಾಡಿಗೆ, ಅಲ್ಲಿನ ಎಫ್‌ಡಿ ಬಡ್ಡಿ, ಪಿಂಚಣಿ ಎಲ್ಲ ಆದಾಯವೇ. ನೀವು ಪ್ರತಿ ತಿಂಗಳು ಅವರ ಖಾತೆಗೆ ಹಾಕುವ ದುಡ್ಡೂ ಆದಾಯವೇ. "ಅದು ಮಗ ಪ್ರೀತಿಗೆ ಕೊಡೋದು" ಅಂದರೆ ಕೇಳುವುದಿಲ್ಲ, ಬರೆಯಲೇಬೇಕು. ಹುಟ್ಟುಹಬ್ಬಕ್ಕೆ ಕೊಟ್ಟ ಸೀರೆ ಲೆಕ್ಕಕ್ಕಿಲ್ಲ. ಮತ್ತೆ ಕಾಯುವ ಪಟ್ಟಿ ಉದ್ದ ಇರುತ್ತದೆ, ಒಂದೇ ಕಡೆ ಹಾಕಿ ಕೂರಬೇಡಿ.

ಮೀಟಿಂಗ್‌ಗೆ ಹೋದರೆ ಏನು ಕೇಳಬೇಕು?

ಬರುವವರು ಯಾರು ಅಂತ ಕೇಳಬೇಡಿ. ಕಟ್ಟುವವರು ಯಾರು ಅಂತ ಕೇಳಿ: ಮೊದಲು ಎಲ್ಲಿ ಕಟ್ಟಿದ್ದಾರೆ, ಹತ್ತು ವರ್ಷದ ಹಳೆಯ ಕಟ್ಟಡ ಯಾವುದು, ಹೋಗಿ ನೋಡಬಹುದಾ. ಕೂತು ನೋಡಿಕೊಳ್ಳುವ ಮ್ಯಾನೇಜರ್ ಇರುತ್ತಾರಾ. ಬಸ್ ನಿಲ್ದಾಣಕ್ಕೆ ಫುಟ್‌ಪಾತ್ ಇದೆಯಾ, ಯಾಕೆಂದರೆ ಎಲ್ಲರಿಗೂ ಎರಡು ಕಾರು ಇರುವುದಿಲ್ಲ. ಮಳೆ ನೀರು ಎಲ್ಲಿಗೆ ಹೋಗುತ್ತದೆ. ಪೈಲಟ್‌ನಲ್ಲಿ ಸ್ಕೂಲಿಗೆ ಎಷ್ಟು.

ಮೈಕ್ ಮುಂದೆ ನಮ್ಮೂರಲ್ಲಿ ಮೂರು ನಿಮಿಷ ಕೊಡುತ್ತಾರೆ. ಹೆಸರು, ವಿಳಾಸ ಹೇಳಿ ಶುರು ಮಾಡಬೇಕು, ಪಕ್ಕದಲ್ಲಿ ಕೂತವರು ಅದನ್ನು ಬರೆದುಕೊಳ್ಳುತ್ತಾರೆ. ನಾನು ಮೊದಲ ಸಲ ಎದ್ದಾಗ ಅವರು "ಸ್ಪೆಲ್ಲಿಂಗ್ ಪ್ಲೀಸ್" ಅಂದರು. ನನ್ನದು, ಅಪ್ಪನದು, ಊರಿನದು ಸೇರಿದ ಹೆಸರು. ಅದನ್ನು ಒಂದೊಂದೇ ಅಕ್ಷರ ಹೇಳಿ ಮುಗಿಸುವಷ್ಟರಲ್ಲಿ ಒಂದು ನಿಮಿಷ ಹೋಗಿತ್ತು. ನೀವು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.